ಬೆಂಗಳೂರಿನಲ್ಲಿ ಸೆಷನ್ ಗಿಟಾರಿಸ್ಟ್ ಆಗಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 18 ವರ್ಷದಿಂದ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಮನೆ ಬನಶಂಕರಿಯಲ್ಲಿ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ಈ ಕೆಲಸದ ಬಗ್ಗೆ ವಿಚಾರಿಸುತ್ತಾರೆ. ಕೆಲವರು ಕಾಲೇಜು ಹುಡುಗ ಹುಡುಗಿಯರು, ಕೆಲವರು ಅವರ ಅಪ್ಪ ಅಮ್ಮ. ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಸೆಷನ್ ಗಿಟಾರಿಸ್ಟ್ ಅಂದರೆ ಏನು ಕೆಲಸ?

ಬೇರೆಯವರ ಹಾಡಿಗೆ ಗಿಟಾರ್ ನುಡಿಸಿ ಸಂಭಾವನೆ ಪಡೆಯುವುದು. ಹಾಡು ಸಂಗೀತ ನಿರ್ದೇಶಕರದ್ದು, ದನಿ ಗಾಯಕರದ್ದು, ಮಾತು ಕವಿಯದ್ದು. ಅದರೊಳಗಿನ ಗಿಟಾರ್ ಭಾಗವಷ್ಟೇ ನಮ್ಮದು. ಇವತ್ತು ಭಾವಗೀತೆ, ನಾಳೆ ಸಿನಿಮಾದ ಕುಣಿತದ ಹಾಡು, ನಾಡಿದ್ದು ಅಡುಗೆ ಎಣ್ಣೆಯ ಜಾಹೀರಾತು. ಮೂರಕ್ಕೂ ಅದೇ ಕೈ, ಆದರೆ ಮೂರು ಬೇರೆ ಬೇರೆ ಮನಸ್ಸು ಬೇಕು.

ಇದು ಎಲೆಮರೆಯ ಕೆಲಸ, ನಿಜ. ಹಾಗಂತ ಇಲ್ಲಿಂದ ಮುಂದಕ್ಕೆ ದಾರಿಯೇ ಇಲ್ಲ ಅಂತೇನೂ ಇಲ್ಲ. ಇಳಯರಾಜಾ ಸಂಗೀತ ನಿರ್ದೇಶಕರಾಗಿ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು ಅವರು ಮದ್ರಾಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದರು, ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದರು. ಕನ್ನಡ ಹಾಡುಗಳ ರೆಕಾರ್ಡಿಂಗ್‌ನಲ್ಲಿ ಅವರ ಕೈ ಪಳಗಿತು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಬೆಂಗಳೂರಿನಲ್ಲಿ ನಿಜವಾಗಿ ಕೆಲಸ ಇದೆಯಾ? ಚೆನ್ನೈಗೋ ಮುಂಬೈಗೋ ಹೋಗಬೇಕಲ್ವಾ?

ಒಂದು ಕಾಲದಲ್ಲಿ ಹೋಗಲೇಬೇಕಿತ್ತು. ಕನ್ನಡ ಸಿನಿಮಾ ಹಾಡುಗಳೆಲ್ಲ ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದ ದಿನಗಳವು. 1980ರ ದಶಕದಲ್ಲಿ ಶಂಕರ್ ನಾಗ್, ಅನಂತ್ ನಾಗ್ ಸೋದರರು ಇಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದರು. ಚಾಮುಂಡೇಶ್ವರಿ ಸ್ಟುಡಿಯೋದಂಥ ಜಾಗಗಳೂ ಬೆಳೆದವು. ಆಮೇಲೆ ಇಲ್ಲಿನ ವಾದಕರಿಗೆ ಊರಲ್ಲೇ ಕೆಲಸ ಸಿಗತೊಡಗಿತು.

ಈಗ ಪರಿಸ್ಥಿತಿ ಮತ್ತೆ ಬದಲಾಗಿದೆ. ದೊಡ್ಡ ಹಾಲ್‌ನಲ್ಲಿ 30 ಜನ ಕೂತು ಒಟ್ಟಿಗೆ ನುಡಿಸುವುದು ತೀರ ಅಪರೂಪ. ಈಗಿನ ಸ್ಟುಡಿಯೋ ಅಂದರೆ ಹೆಚ್ಚಾಗಿ ರಾಜಾಜಿನಗರ, ನಾಗರಬಾವಿ, ಬನಶಂಕರಿ ಕಡೆಯ ಯಾವುದೋ ಮನೆಯ ಮೇಲಿನ ಮಹಡಿ. ಅಲ್ಲಿ ಕಂಪ್ಯೂಟರಿನಲ್ಲಿ ವಾದ್ಯಗಳ ಸದ್ದು ಜೋಡಿಸುವ ಒಬ್ಬ ಪ್ರೋಗ್ರಾಮರ್, ಒಂದು ಕಂಪ್ಯೂಟರ್, ಒಂದು ಪುಟ್ಟ ವಾಯ್ಸ್ ಬೂತ್. ಡ್ರಮ್ಸು, ಬೇಸು, ಸ್ಟ್ರಿಂಗ್ಸು ಎಲ್ಲ ಕೀಬೋರ್ಡಿನಲ್ಲೇ ಆಗಿರುತ್ತದೆ. ಗಿಟಾರ್ ಮತ್ತು ಕೊಳಲಿಗೆ ಮಾತ್ರ ಮನುಷ್ಯರನ್ನು ಕರೆಯುತ್ತಾರೆ, ಯಾಕಂದರೆ ಇವೆರಡನ್ನು ಕೀಬೋರ್ಡಿನಲ್ಲಿ ನುಡಿಸಿದರೆ ಕೇಳುವವರಿಗೆ ಬೇಗ ಗೊತ್ತಾಗುತ್ತದೆ.

ಸಿನಿಮಾ ಒಂದನ್ನೇ ನೆಚ್ಚಿಕೊಳ್ಳಬೇಡಿ. ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಭಕ್ತಿಗೀತೆ, ಭಾವಗೀತೆ, ಧಾರಾವಾಹಿಯ ಶೀರ್ಷಿಕೆ ಗೀತೆ, ಜಾಹೀರಾತು, ಕಂಪನಿಗಳ ವಿಡಿಯೋ ಮತ್ತು ಸ್ವಂತ ದುಡ್ಡು ಹಾಕಿ ಒಂದು ಹಾಡು ಮಾಡಿಸುವ ಹೊಸ ಗಾಯಕರದ್ದು. ಈ ಕೊನೆಯವರನ್ನು ಹಗುರವಾಗಿ ಕಾಣಬೇಡಿ. ಅವರು ವರ್ಷಗಟ್ಟಲೆ ಉಳಿಸಿದ ದುಡ್ಡಿನಲ್ಲಿ ಒಂದು ಕನಸು ಹೊತ್ತು ಬಂದಿರುತ್ತಾರೆ. ಅವರ ಹಾಡಿಗೂ ದೊಡ್ಡ ಸಿನಿಮಾ ಹಾಡಿನಷ್ಟೇ ಗಮನ ಕೊಡಬೇಕು.

ಒಂದು ಸೆಷನ್ ಹೇಗೆ ನಡೆಯುತ್ತದೆ?

ಹಿಂದಿನ ದಿನ ಫೋನ್ ಬರುತ್ತದೆ. "ನಾಳೆ 11ಕ್ಕೆ ಬರ್ತೀರಾ ಸರ್? ಒಂದು ಹಾಡು, ಅಕೂಸ್ಟಿಕ್ ಮತ್ತೆ ಎಲೆಕ್ಟ್ರಿಕ್." ನಾನು ಮೂರು ವಿಷಯ ಕೇಳುತ್ತೇನೆ: ಶ್ರುತಿ ಯಾವುದು, ಟೆಂಪೋ (ಲಯದ ವೇಗ) ಎಷ್ಟು, ಹಾಡಿನ ಡೆಮೋ ಕಳಿಸುತ್ತೀರಾ. ಡೆಮೋ ಬಂದರೆ ರಾತ್ರಿ ಅನ್ನ ಉಂಡ ಮೇಲೆ ಹತ್ತು ಸಲ ಕೇಳುತ್ತೇನೆ, ಗಿಟಾರ್ ಮುಟ್ಟದೆ. ಮಾತು ಏನು ಹೇಳುತ್ತಿದೆ ಅಂತ ಮೊದಲು ತಿಳಿಯಬೇಕು.

ಸ್ಟುಡಿಯೋಗೆ ಹೋದ ಮೇಲೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಅಂದರೆ ಕಾರ್ಡ್‌ಗಳನ್ನು ಬರೆದುಕೊಳ್ಳುತ್ತೇವೆ. ಹೆಡ್‌ಫೋನ್‌ನಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಕೇಳಿಸುತ್ತದೆ, ಜೊತೆಗೆ ಟ್ರ್ಯಾಕ್ ಸಿಂಗರ್ ಹಾಡಿಟ್ಟ ಕಚ್ಚಾ ದನಿ ಇರುತ್ತದೆ. ಮೊದಲು ರಿದಂ ಗಿಟಾರ್. ಅದನ್ನೇ ಇನ್ನೊಮ್ಮೆ ಪೂರ್ತಿ ನುಡಿಸಬೇಕು, ಒಂದು ಎಡ ಕಿವಿಗೆ, ಒಂದು ಬಲ ಕಿವಿಗೆ. "ಅದನ್ನೇ ಕಾಪಿ ಮಾಡಿದರೆ ಆಗಲ್ವಾ?" ಅಂತ ಹೊಸಬರು ಕೇಳುತ್ತಾರೆ. ಆಗುವುದಿಲ್ಲ. ಕಾಪಿ ಮಾಡಿದರೆ ಎರಡೂ ಒಂದೇ ಆಗಿ ಸೇರಿ ಸದ್ದು ನಡುವಿನಲ್ಲೇ ನಿಲ್ಲುತ್ತದೆ, ಸುಮ್ನೆ ಜೋರಾಗುತ್ತದೆ ಅಷ್ಟೆ. ಎರಡು ಸಲ ನುಡಿಸಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದಲ್ಲ, ಆ ವ್ಯತ್ಯಾಸದಿಂದಲೇ ಹಾಡು ಅಗಲವಾಗುತ್ತದೆ.

ಆಮೇಲೆ ಬಿಡಿ ಸ್ವರಗಳ ಮೀಟು, ನಡುನಡುವಿನ ಬಿಟ್‌ಗಳು (ಚಿಕ್ಕ ಚಿಕ್ಕ ವಾದ್ಯ ತುಣುಕುಗಳು), ಬೇಕಿದ್ದರೆ ಒಂದು ಸೋಲೋ. ತಪ್ಪಾದ ಜಾಗವನ್ನು ಮಾತ್ರ ಪಂಚ್ ಮಾಡಿ ಸರಿ ಮಾಡುತ್ತಾರೆ. ಒಂದು ಹಾಡಿಗೆ ಸಾಮಾನ್ಯವಾಗಿ ಎರಡು ಮೂರು ಗಂಟೆ ಹಿಡಿಯುತ್ತದೆ. ಕೆಲವೊಮ್ಮೆ 40 ನಿಮಿಷಕ್ಕೇ ಮುಗಿಯುತ್ತದೆ, ಕೆಲವೊಮ್ಮೆ ರಾತ್ರಿ ಊಟವೂ ಸ್ಟುಡಿಯೋದಲ್ಲೇ.

ನೊಟೇಶನ್ ಓದಲು ಬರಲೇಬೇಕಾ?

ಬಂದರೆ ತುಂಬ ಒಳ್ಳೆಯದು. ಬಾರದಿದ್ದರೆ ಕಿವಿ ಅಷ್ಟೇ ಚುರುಕಾಗಿರಬೇಕು. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಗಿಟಾರಿಸ್ಟ್ ಟಾಮಿ ಟೆಡೆಸ್ಕೊ ಎಂಥ ನೊಟೇಶನ್ ಇಟ್ಟರೂ ನೋಡಿದ ತಕ್ಷಣ ನುಡಿಸುತ್ತಿದ್ದರು. ಅದೇ ಊರಿನ ಅದೇ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಗ್ಲೆನ್ ಕ್ಯಾಂಬೆಲ್ ಅವರಿಗೆ ನೊಟೇಶನ್ ಓದಲು ಬರುತ್ತಿರಲಿಲ್ಲ. ಇಬ್ಬರಿಗೂ ಕೈತುಂಬ ಕೆಲಸವಿತ್ತು.

ಬೆಂಗಳೂರಿನಲ್ಲಿ ನಿಮಗೆ ಬೇಕಾಗುವುದು ಮುಖ್ಯವಾಗಿ ಕಾರ್ಡ್ ಚಾರ್ಟ್. ಅಮೆರಿಕದ ನ್ಯಾಶ್‌ವಿಲ್ ಊರಿನ ವಾದಕರು ಕಾರ್ಡ್‌ಗಳಿಗೆ ಹೆಸರಿನ ಬದಲು 1, 4, 5 ಎಂದು ಅಂಕಿ ಬರೆಯುತ್ತಾರೆ. ಗಾಯಕರು ಶ್ರುತಿ ಬದಲಿಸಿದರೂ ಚಾರ್ಟ್ ಬದಲಿಸಬೇಕಾಗಿಲ್ಲ. ಸ್ವರಗಳಲ್ಲಿ ಯೋಚಿಸುವ ನಮಗೆ ಇದು ಹೊಸದೇನಲ್ಲ. ಸ ಎಲ್ಲಿಟ್ಟರೂ ಮ ಅಲ್ಲಿಂದ ಅಷ್ಟೇ ದೂರ ಅಲ್ವಾ?

ಇನ್ನೊಂದು ಭಾಷೆ ಕಲಿಯಲೇಬೇಕು. ಇಲ್ಲಿನ ಗಾಯಕರು ಜಿ ಶಾರ್ಪ್ ಅನ್ನುವುದಿಲ್ಲ, "ಐದೂವರೆ ಮನೆ" ಅನ್ನುತ್ತಾರೆ. ಒಂದು ಮನೆ ಅಂದರೆ ಸಿ, ಒಂದೂವರೆ ಸಿ ಶಾರ್ಪ್, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ಮೂರೂವರೆ ಮನೆ ಇಲ್ಲ, ಯಾಕಂದರೆ ಇ ಮತ್ತು ಎಫ್ ನಡುವೆ ಕಪ್ಪು ಕೀ ಇಲ್ಲ. "ಐದೂವರೆ" ಅಂದ ಕೂಡಲೇ ನಿಮ್ಮ ಕೈ ಕ್ಯಾಪೋವನ್ನು (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಮೊದಲ ಫ್ರೆಟ್‌ಗೆ ಹಾಕಿ ಜಿ ಆಕಾರಗಳಿಗೆ ಹೋಗಬೇಕು. "ಆರೂವರೆ" ಅಂದರೆ ಮೂರನೇ ಫ್ರೆಟ್‌ಗೆ ಕ್ಯಾಪೋ, ಮತ್ತೆ ಅದೇ ಜಿ ಆಕಾರ. ಬೇರೆ ಊರಿಂದ ಬಂದ ಒಳ್ಳೊಳ್ಳೆ ವಾದಕರು ಈ ಮನೆ ಲೆಕ್ಕಕ್ಕೆ ಒಂದು ಕ್ಷಣ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ.

ಕರ್ನಾಟಕ ಸಂಗೀತ ಗೊತ್ತಿರಬೇಕಾ?

ಕಛೇರಿ ಕೊಡುವಷ್ಟು ಬೇಡ. ಆದರೆ ರಾಗದ ನಡೆ ಗೊತ್ತಿಲ್ಲದೆ ಕನ್ನಡ ಹಾಡಿಗೆ ಕಾರ್ಡ್ ಹಾಕುವುದು ಅಪಾಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಊರಿನಲ್ಲಿ ಒಬ್ಬ ಗಿಟಾರಿಸ್ಟನ್ನು ಎರಡನೇ ಸಲ ಕರೆಯುತ್ತಾರೋ ಇಲ್ಲವೋ ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಹಿಂದೋಳ ತೆಗೆದುಕೊಳ್ಳಿ. ಅದರಲ್ಲಿ ರಿ ಇಲ್ಲ, ಪ ಇಲ್ಲ. ಒಂದು ಮನೆ ಶ್ರುತಿಯಲ್ಲಿ ಸ್ವರಗಳು ಸಿ, ಇ ಫ್ಲಾಟ್, ಎಫ್, ಎ ಫ್ಲಾಟ್, ಬಿ ಫ್ಲಾಟ್. ರಾಕ್ ನುಡಿಸಿ ಬೆಳೆದ ಹುಡುಗ ಏನು ಮಾಡುತ್ತಾನೆ? ಷಡ್ಜ ಸಿ ಇದೆ ಅಂತ ಸಿ ಪವರ್ ಕಾರ್ಡ್ ಹೊಡೆಯುತ್ತಾನೆ. ಆ ಕಾರ್ಡಿನಲ್ಲಿ ಜಿ ಇದೆ. ಜಿ ಅಂದರೆ ಪಂಚಮ. ಹಿಂದೋಳದಲ್ಲಿ ಇಲ್ಲದ ಸ್ವರವನ್ನು ಗಿಟಾರ್ ಎಲ್ಲರಿಗಿಂತ ಜೋರಾಗಿ ಸಾರಿದಂತಾಯಿತು. ಗಾಯಕಿಗೆ ಏನೋ ಕಸಿವಿಸಿ, ಆದರೆ ಯಾಕೆ ಅಂತ ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ನಿರ್ದೇಶಕರು "ಏನೋ ಸರಿ ಹೋಗ್ತಿಲ್ಲ, ಗಿಟಾರ್ ಬೇಡ ಬಿಡಿ" ಅನ್ನುತ್ತಾರೆ. ಅಲ್ಲಿ ಎಫ್ ಮೈನರ್ ಇಟ್ಟು ನೋಡಿ: ಎಫ್, ಎ ಫ್ಲಾಟ್, ಸಿ. ಮೂರೂ ರಾಗದ ಒಳಗಿನ ಸ್ವರಗಳೇ. ಎ ಫ್ಲಾಟ್ ಮೇಜರ್ ಕೂಡ ಹಾಗೆಯೇ. ಈ ಎರಡು ಕಾರ್ಡ್‌ಗಳ ನಡುವೆ ತೂಗಿದರೆ ರಾಗಕ್ಕೆ ನೋವಾಗದೆ ಹಾಡಿಗೆ ಆಸರೆ ಸಿಗುತ್ತದೆ.

ಮೋಹನದಲ್ಲಿ ಸಿ ಮೇಜರ್ ಮತ್ತು ಎ ಮೈನರ್ ಎರಡೂ ಪೂರ್ತಿ ರಾಗದೊಳಗೇ ಇವೆ. ಆದರೆ ಅಭ್ಯಾಸಬಲದಿಂದ ಜಿ ಮೇಜರ್‌ಗೆ ಹೋದರೆ ಬಿ ಬರುತ್ತದೆ, ಅಂದರೆ ನಿಷಾದ. ಮೋಹನದಲ್ಲಿ ಅದಿಲ್ಲ. ಆ ಬಿ ಬಿಟ್ಟು ಜಿ, ಎ, ಡಿ ಮೂರನ್ನೇ ಹಿಡಿದರೆ ಸಾಕು, ಕೇಳಲು ಹಿತವಾಗಿರುತ್ತದೆ. ಸಿನಿಮಾ ಹಾಡಿನಲ್ಲಿ ಬೇಕಂತಲೇ ಹೊರಗಿನ ಸ್ವರ ತರುವುದುಂಟು, ಅದರಿಂದ ಒಂದು ತಿರುವು ಹುಟ್ಟುತ್ತದೆ. ಆದರೆ ಅದು ಗೊತ್ತಿದ್ದು ಮಾಡುವ ಕೆಲಸ. ನಿರ್ದೇಶಕರನ್ನು ಒಂದು ಮಾತು ಕೇಳಿ ಮಾಡಿ.

ಗಮಕ ಇನ್ನೊಂದು ವಿಷಯ. ಗಾಯಕಿ ಗಾಂಧಾರವನ್ನು ತೂಗಿ ಹಾಡುತ್ತಿರುವಾಗ ನೀವು ಅದೇ ಗಾಂಧಾರವನ್ನು ಫ್ರೆಟ್ ಮೇಲೆ ನೆಟ್ಟಗೆ ಹಿಡಿದರೆ ಎರಡೂ ಗುದ್ದಾಡುತ್ತವೆ. ಅಂಥ ಜಾಗದಲ್ಲಿ ನಾನು ಆ ಸ್ವರವನ್ನೇ ಬಿಟ್ಟು ಷಡ್ಜ, ಮಧ್ಯಮ ಇಷ್ಟರಲ್ಲೇ ಇರುತ್ತೇನೆ. ಗಿಟಾರಿನಲ್ಲೇ ಗಮಕ ಹೇಗೆ ತರಬಹುದು ಅಂತ ಕೇಳಬೇಕಿದ್ದರೆ ಆರ್. ಪ್ರಸನ್ನ ಅವರನ್ನು ಕೇಳಿ. ಗಿಟಾರಿನಲ್ಲೂ ಕೀರ್ತನೆ ನುಡಿಸಬಹುದು ಎಂದು ತೋರಿಸಿದವರಲ್ಲಿ ಅವರೊಬ್ಬರು.

ತಾಳದಲ್ಲೂ ಅಷ್ಟೆ. ಖಂಡಛಾಪು 5, ಮಿಶ್ರಛಾಪು 7. ದಾಸರ ಪದಗಳ ಆಲ್ಬಂಗಳಲ್ಲಿ ಇವು ಬಂದೇ ಬರುತ್ತವೆ. 7ನ್ನು 3, 2, 2 ಆಗಿ ಒಡೆದು ಬಲಗೈಯಲ್ಲಿ ಮೀಟುವುದನ್ನು ರೂಢಿಸಿಕೊಳ್ಳಿ. ನಾಲ್ಕು ಹೊಡೆತದ ಸ್ಟ್ರಮ್ಮಿಂಗ್ ಒಂದೇ ಗೊತ್ತಿದ್ದರೆ ಅಲ್ಲಿ ನಿಂತುಬಿಡುತ್ತೀರಿ.

ಕ್ಲಿಕ್ ಜೊತೆ ನುಡಿಸಲು ಆಗುತ್ತಿಲ್ಲ. ಏನು ಮಾಡಲಿ?

ಟೆಂಪೋ ಇಳಿಸಿ. ನಿಮಿಷಕ್ಕೆ 60 ಹೊಡೆತಕ್ಕೆ ಇಟ್ಟು ಒಂದೇ ಕಾರ್ಡನ್ನು ಹತ್ತು ನಿಮಿಷ ನುಡಿಸಿ. ಸರಿಯಾಗಿ ಕೂತರೆ ಕ್ಲಿಕ್ ಶಬ್ದ ನಿಮ್ಮ ಮೀಟಿನ ಕೆಳಗೆ ಮುಚ್ಚಿಹೋಗುತ್ತದೆ. ಅದು ಕೇಳಿಸದೇ ಹೋದಾಗ ಸರಿಯಾಗಿದ್ದೀರಿ ಅಂತ ಅರ್ಥ. ನಿಮ್ಮ ನುಡಿಸಾಣಿಕೆಯನ್ನು ದಿನಾ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ.

ಎಷ್ಟು ಗಿಟಾರ್ ಬೇಕು? ಶುರುವಿಗೆ ಎಷ್ಟು ಖರ್ಚು ಮಾಡಲಿ?

ಎರಡು ಸಾಕು. ಶ್ರುತಿ ನಿಲ್ಲುವ ಒಂದು ಸ್ಟೀಲ್ ತಂತಿಯ ಅಕೂಸ್ಟಿಕ್, ಒಂದು ಎಲೆಕ್ಟ್ರಿಕ್. ಮೂರನೆಯದಾಗಿ ನೈಲಾನ್ ತಂತಿಯ ಗಿಟಾರ್ ಕೊಳ್ಳಿ. ಭಾವಗೀತೆಗೆ, ಲಾಲಿಹಾಡಿಗೆ ಅದರಷ್ಟು ಮೃದುವಾದ ದನಿ ಇನ್ನೊಂದಿಲ್ಲ.

ದುಬಾರಿ ಗಿಟಾರಿಗಿಂತ ಸೆಟಪ್ ಮುಖ್ಯ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅದೇ ಜಾಗದ ಹಾರ್ಮೋನಿಕ್ಕೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ವ್ಯತ್ಯಾಸ ಇದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಏನು ನುಡಿಸಿದರೂ ಅಪಶ್ರುತಿ. ಕೀಬೋರ್ಡಿನ ಪಕ್ಕಾ ಶ್ರುತಿಯ ಜೊತೆ ಇಟ್ಟಾಗ ಅದು ಎದ್ದು ಕಾಣುತ್ತದೆ. ಒಳ್ಳೆಯ ರಿಪೇರಿಯವರ ಬಳಿ ವರ್ಷಕ್ಕೊಮ್ಮೆ ಕೊಡಿ.

ಒಂದು ಉಪಾಯ ಹೇಳುತ್ತೇನೆ. ಹಳೆಯ ಅಕೂಸ್ಟಿಕ್ ಒಂದು ಮೂಲೆಯಲ್ಲಿದ್ದರೆ 12 ತಂತಿಯ ಸೆಟ್ ತಂದು, ಅದರ ಸಣ್ಣ ತಂತಿಗಳನ್ನು ದಪ್ಪನೆಯ ನಾಲ್ಕು ತಂತಿಗಳ ಜಾಗಕ್ಕೆ ಹಾಕಿ. ಅವು ಒಂದು ಸ್ಥಾಯಿ ಮೇಲಿರುತ್ತವೆ. ಇದಕ್ಕೆ ನ್ಯಾಶ್‌ವಿಲ್ ಟ್ಯೂನಿಂಗ್ ಅನ್ನುತ್ತಾರೆ. ಗಾಯಕರ ದನಿಗೆ ಅಡ್ಡ ಬರದೆ ಹಾಡಿನ ಮೇಲೆ ಮಿಂಚು ಹರಡಿದ ಹಾಗೆ ಕೇಳಿಸುತ್ತದೆ. ನಾನು ಇದನ್ನು ಪಲ್ಲವಿಯಲ್ಲಿ ತುಂಬ ಬಳಸುತ್ತೇನೆ.

ಆಂಪ್ಲಿಫೈಯರ್ ಹೊತ್ತುಕೊಂಡು ಸಿಲ್ಕ್ ಬೋರ್ಡ್ ದಾಟುವ ಕಷ್ಟ ಈಗಿಲ್ಲ. ಕೆಂಪರ್, ಹೆಲಿಕ್ಸ್‌ನಂಥ ಪೆಟ್ಟಿಗೆಗಳು ಅಥವಾ ಕಂಪ್ಯೂಟರಿನ ಪ್ಲಗಿನ್‌ಗಳೇ ಆ ಕೆಲಸ ಮಾಡುತ್ತವೆ. ಕೇಬಲ್, ಜ್ಯಾಕ್, ಅಡಾಪ್ಟರ್‌ಗಳಿಗೆ ಎಸ್.ಪಿ. ರೋಡ್ ಇದ್ದೇ ಇದೆ.

ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಬಹುದಾ?

ಕಳಿಸಬಹುದು. ಕೋವಿಡ್ ಸಮಯದಲ್ಲಿ ನಾವೆಲ್ಲ ಹಾಗೇ ಬದುಕಿದೆವು, ಆಮೇಲೆ ಅದೇ ರೂಢಿಯಾಯಿತು. ಒಂದು ಆಡಿಯೋ ಇಂಟರ್‌ಫೇಸ್ (ಗಿಟಾರ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಳ್ಳೆಯ ಹೆಡ್‌ಫೋನ್ ಸಾಕು. ಮೈಕನ್ನು ಸೌಂಡ್ ಹೋಲ್ ಎದುರಿಗೆ ಇಡಬೇಡಿ, ಗುಂಯ್‌ಗುಡುತ್ತದೆ. 12ನೇ ಫ್ರೆಟ್ ಕಡೆಗೆ ತಿರುಗಿಸಿ, ಒಂದು ಗೇಣಿಗಿಂತ ತುಸು ದೂರ ಇಡಿ. ಫ್ಯಾನ್ ಆರಿಸಿ. ಹಾಸಿಗೆ, ದಪ್ಪ ಕಂಬಳಿ, ಬಟ್ಟೆ ತುಂಬಿದ ಬೀರು ಇರುವ ಕೋಣೆ ಖಾಲಿ ಕೋಣೆಗಿಂತ ಎಷ್ಟೋ ಮೇಲು.

ಬೆಂಗಳೂರಿನ ಹಳೆಯ ಮನೆಗಳಲ್ಲಿ ಜಾಸ್ತಿ ಕಾಡುವುದು ಅರ್ಥಿಂಗ್. ಎಲೆಕ್ಟ್ರಿಕ್ ಗಿಟಾರ್ ಚುಚ್ಚಿದ ಕೂಡಲೇ "ಗುಂಯ್" ಅಂತ 50 ಹರ್ಟ್ಸ್ ಸದ್ದು ಬರುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಶುರು. ಗಿಟಾರ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದು ನಿಮ್ಮ ಜೀವಕ್ಕೂ ಸಂಬಂಧಿಸಿದ್ದು. ಕರೆಂಟ್ ಹೋದಾಗ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ರೆಕಾರ್ಡ್ ಮಾಡಿದರೂ ಕರಕರ ಸದ್ದು ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಅನ್ನು ಬ್ಯಾಟರಿ ಮೇಲೆ ಓಡಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ.

ನುಡಿಸಿದ್ದು ತಡವಾಗಿ ಕಿವಿಗೆ ಬರುತ್ತಿದ್ದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಎಷ್ಟು ಸದ್ದು ಹಿಡಿದಿಟ್ಟುಕೊಳ್ಳಬೇಕು ಅನ್ನುವ ಸೆಟ್ಟಿಂಗ್) ಇಳಿಸಿ. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅದು ಎರಡರಷ್ಟನ್ನೂ ಮೀರುತ್ತದೆ, ಆದರೂ ಕೈಗೆ ತೊಂದರೆ ಆಗುವುದಿಲ್ಲ. 1024ರಲ್ಲಿ ಇಟ್ಟರೆ ಲಯ ಕೆಡುತ್ತದೆ.

ಫೈಲ್ ಕಳಿಸುವಾಗ 24 ಬಿಟ್ ವೇವ್ ಕಳಿಸಿ, ಎಂಪಿ3 ಬೇಡ. ಎಲ್ಲ ಫೈಲೂ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ. ನೀವು ನುಡಿಸಿದ್ದು ಎರಡನೇ ಚರಣದಲ್ಲಿ ಎಂಟೇ ಸೆಕೆಂಡ್ ಆಗಿದ್ದರೂ ಸರಿ. ಆಗ ಇಂಜಿನಿಯರ್ ಎಳೆದು ಹಾಕಿದ ತಕ್ಷಣ ತನ್ನ ಜಾಗದಲ್ಲಿ ಕೂರುತ್ತದೆ. ಎಲೆಕ್ಟ್ರಿಕ್ ಆದರೆ ಟೋನ್ ಇರುವ ಫೈಲಿನ ಜೊತೆ ಏನೂ ಸೇರಿಸದ ಡಿಐ ಫೈಲನ್ನೂ ಕೊಡಿ. ಫೈಲಿನ ಹೆಸರಲ್ಲಿ ಹಾಡು, ಟೆಂಪೋ, ಭಾಗ ಎಲ್ಲ ಬರೆಯಿರಿ. ಇಷ್ಟು ಮಾಡಿದರೆ ಇಂಜಿನಿಯರ್‌ಗಳೇ ನಿಮ್ಮ ಹೆಸರು ಹೇಳುತ್ತಾರೆ. ನನಗೆ ಬಂದ ಕೆಲಸಗಳಲ್ಲಿ ಎಷ್ಟೋ ಇಂಜಿನಿಯರ್‌ಗಳಿಂದಲೇ ಬಂದವು.

ಶುರು ಎಲ್ಲಿಂದ ಮಾಡಲಿ? ನನಗೆ ಯಾರೂ ಗೊತ್ತಿಲ್ಲ.

ಆರ್ಕೆಸ್ಟ್ರಾದಿಂದ. ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ರಾಜ್ಯೋತ್ಸವ ಮುಗಿಯುವವರೆಗೆ ಬೆಂಗಳೂರಿನ ಬೀದಿಬೀದಿಯಲ್ಲಿ ವೇದಿಕೆ ಕಟ್ಟುತ್ತಾರೆ. ಅಲ್ಲಿ ಮೂರು ವರ್ಷ ನುಡಿಸಿದೆ ನಾನು. ಗಾಯಕರು ವೇದಿಕೆ ಹತ್ತಿದ ಮೇಲೆ "ಇವತ್ತು ಗಂಟಲು ಸರಿ ಇಲ್ಲ, ಅರ್ಧ ಮನೆ ಇಳಿಸಣ್ಣ" ಅಂದರೆ ಇಳಿಸಬೇಕು. ರಾಜನ್-ನಾಗೇಂದ್ರರ ಹಾಡಾದ ಮೇಲೆ ಹಂಸಲೇಖರ ಹಾಡು, ಅದಾದ ಮೇಲೆ ಜಾನಪದ. ನೂರಾರು ಹಾಡುಗಳ ಬಿಟ್‌ಗಳು ಬೆರಳಲ್ಲಿ ಉಳಿದುಬಿಡುತ್ತವೆ. ಆಮೇಲೆ ಸ್ಟುಡಿಯೋದಲ್ಲಿ ಒಬ್ಬ ನಿರ್ದೇಶಕರು "ಆ ಕಾಲದ ಹಾಡುಗಳ ಥರ ಒಂದು ಮೀಟು ಬೇಕು" ಅಂದಾಗ ನಾನು ಯೋಚಿಸಬೇಕಾಗಲಿಲ್ಲ.

ಇನ್ನೊಂದು ದಾರಿ ಚರ್ಚ್. ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಎಷ್ಟೋ ಒಳ್ಳೆಯ ವಾದಕರು ಭಾನುವಾರದ ಪ್ರಾರ್ಥನೆಯಲ್ಲಿ ನುಡಿಸುತ್ತಲೇ ಬೆಳೆದವರು. ದನಿಗಳ ಸಾಮರಸ್ಯ ಅವರ ಕಿವಿಗೆ ಚಿಕ್ಕಂದಿನಿಂದಲೇ ಇಳಿದಿರುತ್ತದೆ. ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡದವರು ಶುರು ಮಾಡಿದ ಟಾಕಾಡೆಮಿ ಇದೆ. ಟ್ರಿನಿಟಿ, ರಾಕ್‌ಸ್ಕೂಲ್ ಪರೀಕ್ಷೆಗಳ ಎಂಟು ಗ್ರೇಡ್ ಮುಗಿಸಿದರೆ ಓದುವ ಅಭ್ಯಾಸ ಚೆನ್ನಾಗಿ ಆಗುತ್ತದೆ. ಆದರೆ ಇಷ್ಟು ವರ್ಷದಲ್ಲಿ ಯಾವ ಸ್ಟುಡಿಯೋದಲ್ಲೂ ನನ್ನನ್ನು ಸರ್ಟಿಫಿಕೇಟ್ ಕೇಳಿಲ್ಲ.

ಪ್ರೋಗ್ರಾಮರ್‌ಗಳ ಪರಿಚಯ ಮಾಡಿಕೊಳ್ಳಿ. ದೊಡ್ಡ ಸಂಗೀತ ನಿರ್ದೇಶಕರ ಮನೆ ಬಾಗಿಲು ತಟ್ಟುವುದಕ್ಕಿಂತ ಅವರ ಬಳಿ ರಾತ್ರಿಯಿಡೀ ಕೂತು ಕೆಲಸ ಮಾಡುವ ನಿಮ್ಮದೇ ವಯಸ್ಸಿನ ಹುಡುಗರ ಜೊತೆ ಬೆಳೆಯುವುದು ಒಳ್ಳೆಯದು. ಒಂದೆರಡು ನಿಮಿಷದ ಮೂರು ತುಣುಕು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ: ಒಂದು ಮೆಲ್ಲಗಿನ ಮೀಟು, ಒಂದು ರಿದಂ, ಒಂದು ಸೋಲೋ. ಸೋಲೋವನ್ನು ಕೊನೆಯಲ್ಲಿ ಇಡಿ. ಅವರು ಹುಡುಕುವುದು ಮೊದಲ ಎರಡನ್ನು.

ದುಡ್ಡು ಎಷ್ಟು ಬರುತ್ತದೆ?

ಒಂದೇ ದರ ಅಂತಿಲ್ಲ. ಕೆಲವರು ಹಾಡಿಗೆ ಇಷ್ಟು ಅಂತ ಕೊಡುತ್ತಾರೆ, ಕೆಲವರು ಕಾಲ್‌ಶೀಟ್ ಲೆಕ್ಕ, ಕೆಲವರು ಗಂಟೆ ಲೆಕ್ಕ. ಜಾಹೀರಾತಿನವರು ಸಾಮಾನ್ಯವಾಗಿ ಜಾಸ್ತಿ ಕೊಡುತ್ತಾರೆ, ಭಕ್ತಿಗೀತೆಯವರಿಂದ ಕಡಿಮೆ. ನನಗೆ ಮೊದಲ ಹಾಡಿಗೆ ಸಿಕ್ಕಿದ್ದು 800 ರೂಪಾಯಿ. ಆ ನೋಟುಗಳನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ದೇವರ ಮುಂದೆ ಇಟ್ಟರು.

ಕೆಲಸ ಒಂದೇ ಸಮ ಇರುವುದಿಲ್ಲ. ಆಷಾಢದಲ್ಲಿ ಸ್ಟುಡಿಯೋ ಖಾಲಿ ಹೊಡೆಯುವುದನ್ನು ಕಂಡಿದ್ದೇನೆ, ಹಬ್ಬಗಳ ಮುಂಚೆ ನಿದ್ದೆಗೂ ಬಿಡುವಿಲ್ಲ. ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಟ್ಟುಕೊಂಡೇ ಈ ದಾರಿಗೆ ಇಳಿಯಿರಿ.

ದುಡ್ಡು ಬಾರದೇ ಹೋಗುವುದೂ ಇದೆ. ಒಂದು ವರ್ಷ ಒಂದು ಸಿನಿಮಾದ ನಾಲ್ಕು ಹಾಡಿಗೆ ನುಡಿಸಿದೆ. "ಆಡಿಯೋ ರಿಲೀಸ್ ಆಗಲಿ, ಒಟ್ಟಿಗೆ ಕೊಡ್ತೀವಿ" ಅಂದರು. ರಿಲೀಸ್ ಆಯಿತು, ಸಿನಿಮಾನೂ ಬಂತು ಹೋಯಿತು. ಆ ದುಡ್ಡು ಇವತ್ತಿಗೂ ಬಂದಿಲ್ಲ. ಆ ತಿಂಗಳು ಮನೆ ಬಾಡಿಗೆಗೆ ತಂಗಿಯ ಬಳಿ ಸಾಲ ಮಾಡಿದ್ದು ಮರೆತಿಲ್ಲ. ಅದಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಹೊಸಬರ ಕೆಲಸವಾದರೆ ಅರ್ಧ ಮುಂಗಡ, ಉಳಿದರ್ಧ ಬಂದ ಮೇಲೆ ಫೈಲ್. ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುತ್ತೇನೆ: ಎಷ್ಟು ಹಾಡು, ಎಷ್ಟು ದುಡ್ಡು, ಎಷ್ಟು ಸಲ ತಿದ್ದಿಕೊಡುತ್ತೇನೆ. ಮುಖ ನೋಡಿ ಕೇಳಲು ಸಂಕೋಚ ಆಗುತ್ತದೆ, ಆದರೆ ಬರೆದರೆ ಯಾರಿಗೂ ಬೇಸರವಿಲ್ಲ.

ತೆರಿಗೆ, ಜಿಎಸ್‌ಟಿ ಎಲ್ಲ?

ಕಂಪನಿಗಳು ವೃತ್ತಿಪರ ಸಂಭಾವನೆ ಅಂತ ಸಾಮಾನ್ಯವಾಗಿ 10% ಟಿಡಿಎಸ್ ಹಿಡಿದು ಕೊಡುತ್ತವೆ. ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ತಂತಿ, ಕೇಬಲ್, ಇಂಟರ್‌ಫೇಸ್ ಎಲ್ಲದರ ಬಿಲ್ ಇಟ್ಟುಕೊಳ್ಳಿ.

ಹಾಡಿನಲ್ಲಿ ನನ್ನ ಹೆಸರು ಬರುತ್ತದಾ? ರಾಯಲ್ಟಿ?

ಹೆಸರು ಕೇಳಿದರೆ ಬರುತ್ತದೆ, ಕೇಳದಿದ್ದರೆ ಹೆಚ್ಚಿನ ಸಲ ಬರುವುದಿಲ್ಲ. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸುತ್ತಿದ್ದ ಫಂಕ್ ಬ್ರದರ್ಸ್ ಇಡೀ 1960ರ ದಶಕ ಹೆಸರಿಲ್ಲದೆ ದುಡಿದರು. ಆಲ್ಬಂ ಮೇಲೆ ಅವರ ಹೆಸರು ಬಂದದ್ದು 1971ರಲ್ಲಿ.

ನಮ್ಮ ಕಾಪಿರೈಟ್ ಕಾನೂನಿನಲ್ಲಿ ವಾದಕರೂ ಪ್ರದರ್ಶಕರೇ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಲ್ಲಿ ಎರಡು ದೊಡ್ಡ ವಿಷಯ ಸೇರಿದವು. ವಾಣಿಜ್ಯ ಬಳಕೆಗೆ ರಾಯಲ್ಟಿ ಪಡೆಯುವ ಹಕ್ಕು ಒಂದು, ನುಡಿಸಿದವರು ಇವರು ಅಂತ ಗುರುತಿಸಿಕೊಳ್ಳುವ ಹಕ್ಕು ಇನ್ನೊಂದು. ಆದರೆ ಸಿನಿಮಾ ವಿಷಯದಲ್ಲಿ ಒಂದು ಷರತ್ತಿದೆ. ನಿಮ್ಮ ಪ್ರದರ್ಶನ ಪ್ರಾಸಂಗಿಕವಾಗಿದ್ದು, ರೂಢಿಯಂತೆ ಕ್ರೆಡಿಟ್‌ನಲ್ಲಿ ಹೆಸರೂ ಬಾರದಿದ್ದರೆ, ನಿಮ್ಮ ಹೆಸರಿಗೆ ಧಕ್ಕೆಯಾಗುವಂತೆ ಪ್ರದರ್ಶನವನ್ನು ತಿರುಚಿದರೆ ತಡೆಯುವ ಹಕ್ಕೊಂದನ್ನು ಬಿಟ್ಟು ಉಳಿದದ್ದಕ್ಕೆ ನಿಮ್ಮನ್ನು ಪ್ರದರ್ಶಕರು ಎಂದು ಪರಿಗಣಿಸುವುದಿಲ್ಲ. ಹಾಗಾಗಿ ಹೆಸರು ಹಾಕಿಸಿಕೊಳ್ಳುವುದು ಬರೀ ಹೆಮ್ಮೆಯ ವಿಷಯ ಅಲ್ಲ, ಹಕ್ಕಿನ ವಿಷಯ. ಫೈಲ್ ಕಳಿಸುವ ಇಮೇಲ್‌ನಲ್ಲೇ "ಗಿಟಾರ್: ಇಂಥವರು" ಎಂದು ಒಂದು ಸಾಲು ಸೇರಿಸಿ, ಇದೇ ರೀತಿ ಹಾಕಿ ಅಂತ ವಿನಂತಿಸಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಸಂತೋಷದಿಂದ ಹಾಕಿದ್ದಾರೆ. ಅಲ್ಲಿಯವರೆಗೆ ಅವರಿಗೆ ಅದು ಹೊಳೆದೇ ಇರಲಿಲ್ಲ.

ಹಾಡಿನ ರಾಗಸಂಯೋಜನೆಯಲ್ಲೇ ನಿಮ್ಮ ಪಾಲಿದ್ದರೆ ಅದು ಬೇರೆ ಲೆಕ್ಕ. ಸಂಗೀತ ಸಂಯೋಜಕರ ಮತ್ತು ಗೀತಕಾರರ ರಾಯಲ್ಟಿಯನ್ನು 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಸ್ಥೆ ಸಂಗ್ರಹಿಸುತ್ತದೆ. ಪಾಲು ಎಷ್ಟು ಅನ್ನುವುದನ್ನು ಹಾಡು ಹೊರಬರುವ ಮೊದಲೇ ಮಾತಾಡಿಕೊಳ್ಳಿ.

ಐಟಿ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಬರಲಾ?

ತಕ್ಷಣ ಬೇಡ. ರಾತ್ರಿ ಮತ್ತು ಶನಿವಾರ, ಭಾನುವಾರ ಮನೆಯಿಂದ ರೆಕಾರ್ಡ್ ಮಾಡಿ ಕಳಿಸುತ್ತಾ ಎರಡು ವರ್ಷ ನೋಡಿ. ಒಂದೇ ಜನ ಮತ್ತೆ ಮತ್ತೆ ಕರೆಯುತ್ತಿದ್ದಾರಾ ಅನ್ನುವುದನ್ನು ಗಮನಿಸಿ. ಹಗಲಿನ ಸೆಷನ್‌ಗಳನ್ನು ಬಿಡಬೇಕಾಗಿ ಬರುತ್ತಿದೆ ಅನ್ನುವ ಹಂತ ಬಂದಾಗ ಮನೆಯವರ ಜೊತೆ ಕೂತು ಮಾತಾಡಿ.

ಮಗಳು ಈ ಕ್ಷೇತ್ರಕ್ಕೆ ಬರಬೇಕು ಅನ್ನುತ್ತಿದ್ದಾಳೆ. ಕಳಿಸಬಹುದಾ?

ಖಂಡಿತ ಕಳಿಸಿ. ಲಾಸ್ ಏಂಜಲೀಸ್‌ನ ಕ್ಯಾರೊಲ್ ಕೇ ಸ್ಟುಡಿಯೋಗೆ ಬಂದದ್ದು ಗಿಟಾರಿಸ್ಟ್ ಆಗಿ, ಆಮೇಲೆ ಬೇಸ್ ಗಿಟಾರಿನಲ್ಲಿ ದೊಡ್ಡ ಹೆಸರು ಮಾಡಿದರು. ರಾತ್ರಿ ತಡವಾಗುವ ಕೆಲಸಕ್ಕೆ ಮೊದಲೇ ಮುಗಿಯುವ ಹೊತ್ತು ಮತ್ತು ಮನೆಗೆ ಬಿಡುವ ಗಾಡಿಯನ್ನು ಮಾತಾಡಿಕೊಳ್ಳಲಿ. ಒಳ್ಳೆಯ ಸ್ಟುಡಿಯೋಗಳು ತಾವಾಗಿಯೇ ವ್ಯವಸ್ಥೆ ಮಾಡುತ್ತವೆ.

ಎಐ ಬಂದ ಮೇಲೆ ಗಿಟಾರಿಸ್ಟ್ ಯಾಕೆ ಬೇಕು?

ಕೆಲವು ಕೆಲಸ ಹೋಗಿದೆ. ಸಾಧಾರಣ ಸ್ಟ್ರಮ್ಮಿಂಗ್‌ಗೆ ಮೊದಲು ಲೂಪ್‌ಗಳು ಬಂದವು, ಈಗ ಎಐ ಇದೆ. ಕಡಿಮೆ ಬಜೆಟ್ಟಿನ ಹಿನ್ನೆಲೆ ಸಂಗೀತಕ್ಕೆ ಕರೆ ಕಡಿಮೆಯಾಗಿರುವುದನ್ನು ನಾನೇ ಅನುಭವಿಸಿದ್ದೇನೆ, ಆ ಆತಂಕ ನನಗೂ ಇದೆ.

ಉಳಿದಿರುವ ಕೆಲಸ ಎಂಥದ್ದು ಅಂತ ಹೇಳುತ್ತೇನೆ. ಹೋದ ವರ್ಷ ಒಂದು ಭಾವಗೀತೆಗೆ ನುಡಿಸುತ್ತಿದ್ದೆ. ಅಮ್ಮನನ್ನು ಕಳೆದುಕೊಂಡ ಮಗಳ ಹಾಡು. ಗಾಯಕಿ ಒಂದು ಪದದ ಮೇಲೆ ಉಸಿರು ಹಿಡಿದು ನಿಂತರು. ನಾನು ಬರೆದುಕೊಂಡಿದ್ದ ಚಾರ್ಟ್‌ನಲ್ಲಿ ಅಲ್ಲಿ ಒಂದು ಬಿಟ್ ಇತ್ತು. ಕೈ ಎತ್ತಿದೆ, ನುಡಿಸಲಿಲ್ಲ. ಅವರು ಮತ್ತೆ ಶುರು ಮಾಡಿದಾಗ ಒಂದೇ ಒಂದು ತಂತಿ ಮೀಟಿದೆ. ಟೇಕ್ ಮುಗಿದ ಮೇಲೆ ಇಂಜಿನಿಯರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ನಿರ್ದೇಶಕರು ಆಮೇಲೆ ತಮ್ಮ ಎಲ್ಲ ಹಾಡಿಗೂ ನನ್ನನ್ನೇ ಕರೆಯುತ್ತಿದ್ದಾರೆ.

ಕೈ, ಕಿವಿ ಉಳಿಸಿಕೊಳ್ಳುವುದು ಹೇಗೆ?

ಮಣಿಕಟ್ಟು ಜುಮ್ಮೆಂದರೆ ಅಥವಾ ಬೆರಳು ಮರಗಟ್ಟಿದರೆ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. ನೋವು ನುಂಗಿಕೊಂಡು ನುಡಿಸುವುದು ಶೌರ್ಯ ಅಲ್ಲ. ಗಂಟೆಗೊಮ್ಮೆ ಎದ್ದು ಓಡಾಡಿ. ಹೆಡ್‌ಫೋನ್‌ನಲ್ಲಿ ಕ್ಲಿಕ್ ಸದ್ದನ್ನು ಕೇಳಿಸುವಷ್ಟಕ್ಕೆ ಮಾತ್ರ ಇಡಿಸಿಕೊಳ್ಳಿ. ಕಿವಿಯಲ್ಲಿ ಒಮ್ಮೆ ಶುರುವಾದ ಗುಂಯ್ ಸದ್ದು ಎಷ್ಟೋ ಜನರಲ್ಲಿ ಹೋಗುವುದೇ ಇಲ್ಲ.

ನಾಳೆ ನನ್ನ ಮೊದಲ ಸೆಷನ್. ಏನು ಒಯ್ಯಲಿ?

ಹೊಸ ತಂತಿ ಇವತ್ತೇ ಹಾಕಿ, ನಾಳೆ ಬೆಳಿಗ್ಗೆ ಹಾಕಬೇಡಿ. ಹೊಸ ತಂತಿ ಎಳೆದುಕೊಂಡು ಶ್ರುತಿಗೆ ನಿಲ್ಲಲು ಒಂದು ರಾತ್ರಿ ಬೇಕು. ಬ್ಯಾಗಿನಲ್ಲಿ ಇನ್ನೊಂದು ಸೆಟ್ ತಂತಿ, ಕ್ಯಾಪೋ, ಟ್ಯೂನರ್, ದಪ್ಪ ತೆಳು ಎರಡೂ ಥರದ ಪಿಕ್, ಎರಡು ಕೇಬಲ್, 9 ವೋಲ್ಟ್ ಬ್ಯಾಟರಿ, ಪೆನ್ಸಿಲ್, ರಬ್ಬರ್, ಖಾಲಿ ಹಾಳೆ ಇರಲಿ. ಮಳೆಗಾಲವಾದರೆ ಗಿಟಾರ್ ಬ್ಯಾಗಿಗೆ ಪ್ಲಾಸ್ಟಿಕ್ ಹೊದಿಕೆ. ಸದ್ದು ಮಾಡುವ ಬಟ್ಟೆ, ಬಳೆ, ಲೋಹದ ಪಟ್ಟಿಯ ವಾಚು ಬೇಡ, ಮೈಕ್ ಎಲ್ಲವನ್ನೂ ಹಿಡಿಯುತ್ತದೆ. ಅರ್ಧ ಗಂಟೆ ಮುಂಚೆ ತಲುಪಿ, ಟ್ರಾಫಿಕ್ ನೋಡಿಕೊಂಡು ಮನೆ ಬಿಡಿ.

ಒಳಗೆ ಹೋದ ಮೇಲೆ ಗಿಟಾರ್ ಹೊರಗೆ ತೆಗೆಯುವ ಮೊದಲು "ಸರ್, ಹಾಡು ಒಂದು ಸಲ ಕೇಳಿಸ್ತೀರಾ?" ಅಂತ ಕೇಳಿ.